ಪಾರ್ಸೆಲ್ ಅಣ್ಣನ ನಾಲಿಗೆ

ಆ ಬೀದಿಯಲ್ಲಿ ಆರೆಂಜ್ ಚಿಕನ್ ಬಗ್ಗೆ ಯಾರಿಗಾದರೂ ಅನುಮಾನ ಬಂದರೆ ಕೇಳಬೇಕಾದವನು ಪಾರ್ಸೆಲ್ ಅಣ್ಣ. ಕೇಳದಿದ್ದರೂ ಅವನೇ ಬಂದು ಹೇಳುತ್ತಿದ್ದ, ಅದು ಬೇರೆ ಮಾತು. ಮೂಲೆಯ ಚೀನೀ ಊಟದ ಅಂಗಡಿಯಲ್ಲಿ ಅರ್ಧ ಆಯಸ್ಸು ಕಳೆದವನು. ಅವನ ಮಾತು ಕೇಳಿದರೆ ಅಲ್ಲಿನ ಬಾಣಲೆಗಳೆಲ್ಲ ಅವನ ಕೈಯಲ್ಲೇ ಪಳಗಿದವು ಅನ್ನಿಸಬೇಕು. ನಿಜ ಹೇಳಬೇಕೆಂದರೆ ಈ ಮಹಾನುಭಾವ ಒಂದು ದಿನವೂ ಅಲ್ಲಿ ಒಲೆ ಹಚ್ಚಿದವನಲ್ಲ. ಒಳಗೆ ಬಾಣಲೆಯವನು ಮಾಡಿ ಕಳಿಸಿದ್ದನ್ನು ರಟ್ಟಿನ ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ, ಪಕ್ಕಕ್ಕೊಂದು ಅನ್ನದ ಡಬ್ಬಿ ಇಟ್ಟು, ಚೀಲದ ಬಾಯಿ ಮಡಚಿ, ಕಿಟಕಿಯಿಂದಾಚೆ ನೀಡುವುದು ಅವನ ಕೆಲಸ. ಪಾರ್ಸೆಲ್ ಕಟ್ಟುವವನು, ಅಷ್ಟೆ.

ಅವನ ಹೆಂಡತಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಅವಳು ದೊಡ್ಡ ಲಾಡ್ಜೊಂದರ ನೆಲಮಾಳಿಗೆಯಲ್ಲಿ ಒಗೆದ ಚಾದರಗಳನ್ನು ಇಸ್ತ್ರಿ ಮಾಡಿ ಮಡಿಸುತ್ತಿದ್ದಳು. ದಿನಾ ಚಾದರ ಮಡಿಸ್ತೀನಿ ಅಂತ ನಾನೇ ಹತ್ತಿ ಬೆಳೆದೆ ಎಂದು ಹೇಳ್ಕೊಂಡು ತಿರುಗ್ತೀನಾ ಎಂದು ಒಮ್ಮೆ ಕೇಳಿಯೂ ಇದ್ದಳು. ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ಕಿವಿ ಇರುವುದು ತನ್ನ ಮಾತನ್ನೇ ಕೇಳಿಸಿಕೊಳ್ಳುವುದಕ್ಕೆ.

ಆ ಆರೆಂಜ್ ಚಿಕನ್ನಾದರೂ ಏನು? ಅಮೆರಿಕಾದ ಪಾರ್ಸೆಲ್ ಅಂಗಡಿಗಳಲ್ಲಿ ಬೆಳೆದು, ಚೀನಾದ ಹೆಸರು ಹೇಳಿಕೊಂಡು ಊರೂರು ಸುತ್ತುತ್ತಿರುವ ಒಂದು ಪದಾರ್ಥ. ಕೋಳಿ ತುಂಡುಗಳನ್ನು ಮೊಟ್ಟೆ ಮತ್ತು ಕಾರ್ನ್‌ಫ್ಲೋರಿನಲ್ಲಿ ಅದ್ದಿ ಒಮ್ಮೆ ಕರಿಯುವುದು, ಆರಲು ಬಿಟ್ಟು ಮತ್ತೊಮ್ಮೆ ಕರಿಯುವುದು, ಆಮೇಲೆ ಸಕ್ಕರೆ, ವಿನೆಗರ್, ಸೋಯಾ ಸಾಸ್, ಕಿತ್ತಳೆ ರಸ ಸೇರಿಸಿ ಕುದಿಸಿದ ಪಾಕದಲ್ಲಿ ಹೊರಳಿಸಿ ತೆಗೆಯುವುದು. ಎಣ್ಣೆಯಲ್ಲಿ ಮುಳುಗಿ ಎದ್ದು ಸಕ್ಕರೆಯಲ್ಲಿ ಮತ್ತೆ ಮುಳುಗುವ ಇದನ್ನು ನಮ್ಮ ಅಣ್ಣ ಪ್ರತಿದಿನ ಮಧ್ಯಾಹ್ನ ತಿನ್ನುತ್ತಿದ್ದ. ಅಂಗಡಿಯಲ್ಲಿ ಅದಕ್ಕೊಂದು ಪದ್ಧತಿಯೇ ಇತ್ತು. ಫೋನಿನಲ್ಲಿ ಹೇಳಿ, ಆಮೇಲೆ ತಕ್ಕೊಂಡು ಹೋಗಲು ಬಾರದವರ ಡಬ್ಬಿಗಳನ್ನು ಅನ್ನದ ದೊಡ್ಡ ಕುಕ್ಕರಿನ ಮೇಲಿನ ಹಲಗೆಯ ಮೇಲೆ ಇಡುತ್ತಿದ್ದರು. ಗಲಾಟೆಯೆಲ್ಲ ಇಳಿದ ಮೇಲೆ ಅವು ಕಿಟಕಿಯವನ ಪಾಲು. ಒಲೆಯವರು ಒಲೆಯ ಹತ್ತಿರ ತಿನ್ನಬೇಕು, ಕಿಟಕಿಯವನು ಕಿಟಕಿಯ ಹತ್ತಿರ. ಅವರ ಜಾಗಕ್ಕೆ ಇವನು ಕಾಲಿಡುವ ಹಾಗಿರಲಿಲ್ಲ.

ಮನೆಗೆ ಬಂದರೆ ಊಟದ ತಟ್ಟೆಯ ಮುಂದೆ ಮೂಗು ಮುರಿಯುವುದೇ ಅವನ ದಿನಚರಿ. ಸಾರು ನೀರು, ಪಲ್ಯ ಹುಲ್ಲು, ಮೀನು ಮಣ್ಣು. ಪಕ್ಕದ ಮನೆಯವರು ಹುಟ್ಟುಹಬ್ಬಕ್ಕೆ ಕರೆದರೆ ಅಲ್ಲೂ ಹೋಗಿ, ಹೊಟ್ಟೆ ಬಿರಿಯುವಷ್ಟು ತಿಂದು, ಕೈ ತೊಳೆಯುತ್ತಾ, ಪರವಾಗಿಲ್ಲ ಆದರೆ ನಮ್ಮ ಅಂಗಡಿಯ ಹದ ಇಲ್ಲ ಎಂದು ಹೇಳಿ ಬರುತ್ತಿದ್ದ. ಕಣ್ಣು ಕಟ್ಟಿ ಬಾಯಿಗಿಟ್ಟರೂ ನಮ್ಮ ಅಂಗಡಿಯದ್ದು ಯಾವುದು, ಬೇರೆಯದ್ದು ಯಾವುದು ಎಂದು ಹೇಳಬಲ್ಲೆ ಎಂಬುದು ಅವನ ಬಡಾಯಿ. ಯಾರೂ ಕಣ್ಣು ಕಟ್ಟಲು ಹೋಗಲಿಲ್ಲ. ಯಾರಿಗೆ ಬೇಕಾಗಿದೆ?

ಹೀಗಿರುವಾಗ ಒಂದು ದಿನ ಖಾಲಿ ಡಬ್ಬಿಗಳ ಕಟ್ಟನ್ನು ಹೆಗಲಿಗೇರಿಸಿ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದವನಿಗೆ ಎದೆ ಹಿಡಿದುಕೊಂಡಿತು. ಬೆವರಿ ಅಲ್ಲೇ ಕುಸಿದು ಕುಳಿತ. ಬಾಣಲೆಯವನು ಏಪ್ರನ್ ಬಿಚ್ಚದೆ ಅವನನ್ನು ಆಸ್ಪತ್ರೆಗೆ ಹೊತ್ತೊಯ್ದ. ಡಾಕ್ಟರಮ್ಮ ಪರೀಕ್ಷೆಯೆಲ್ಲ ಮಾಡಿ ಹೇಳಿದ್ದು ಸ್ಪಷ್ಟವಾಗಿತ್ತು. ಹೃದಯದ ರಕ್ತನಾಳದಲ್ಲಿ ಕೊಬ್ಬು ಕಟ್ಟಿದೆ, ಸಕ್ಕರೆಯೂ ಏರಿದೆ, ಮಾತ್ರೆ ಕೊಡುತ್ತೇನೆ, ಆದರೆ ಕರಿದದ್ದು ಮತ್ತು ಸಿಹಿ ಇಂದಿಗೇ ನಿಲ್ಲಬೇಕು, ನಿಲ್ಲದಿದ್ದರೆ ಮುಂದಿನ ಸಲ ಮೆಟ್ಟಿಲಿಂದ ಏಳುವುದು ಅನುಮಾನ. ಹೆಂಡತಿ ಮಾತ್ರೆಯ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಗಂಡ ಮಾತ್ರ, ಈ ಡಾಕ್ಟರಮ್ಮನ ಮುಖ ನೋಡಿದರೇ ಗೊತ್ತಾಗುತ್ತೆ, ಜೀವಮಾನದಲ್ಲಿ ಒಳ್ಳೆ ಊಟ ತಿಂದವಳಲ್ಲ ಎಂದ.

ಅಂದಿನಿಂದ ಅವಳಿಗೆ ನೆಮ್ಮದಿ ಅನ್ನುವುದಿರಲಿಲ್ಲ. ಅವನು ರಜೆಯ ಮಧ್ಯಾಹ್ನ ಕುರ್ಚಿಯಲ್ಲಿ ಹಾಗೇ ಕಣ್ಣು ಮುಚ್ಚಿದರೂ ಹತ್ತಿರ ಹೋಗಿ ಅಂಗಿಯ ಗುಂಡಿ ಏರಿಳಿಯುತ್ತಿದೆಯೇ ಎಂದು ನೋಡುವಳು. ಏರಿಳಿಯುತ್ತಿದ್ದರೆ, ಬದುಕಿದ್ದೀಯಲ್ಲ ಪುಣ್ಯಾತ್ಮ ಎಂದು ಮನಸ್ಸಿನಲ್ಲೇ ಬೈದುಕೊಂಡು ಒಳಗೆ ಹೋಗುವಳು. ಅವನ ಮೇಲೆ ಅವಳಿಗೆ ಸಿಟ್ಟಿತ್ತು, ಅದಕ್ಕಿಂತ ಹೆಚ್ಚು ಭಯವಿತ್ತು. ಇಂಥವನನ್ನೂ ಕಳೆದುಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ.

ಬಿಡು ಎಂದರೆ ಬಿಡುವ ಜಾತಿಯಲ್ಲ ಇದು ಎಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಅದೇ ಆರೆಂಜ್ ಚಿಕನ್ನನ್ನು ಎಣ್ಣೆ ಸಕ್ಕರೆ ಇಳಿಸಿ ಮನೆಯಲ್ಲೇ ಮಾಡಿಕೊಡುವುದೆಂದು ತೀರ್ಮಾನಿಸಿದಳು. ಫೋನಿನಲ್ಲಿ ವಿಡಿಯೋ ನೋಡಿದಳು. ಅದರಲ್ಲಿ ಒಬ್ಬಳು ಚೊಕ್ಕ ಅಡುಗೆಮನೆಯಲ್ಲಿ ನಿಂತು, ಹಲ್ಲೆಲ್ಲ ತೋರಿಸಿ, ಇದು ತುಂಬಾ ಸುಲಭ, ನಿಮ್ಮ ಮನೆಯವರು ಬೆರಳು ಚೀಪುತ್ತಾರೆ ಎಂದಳು. ನನ್ನ ಮನೆಯವರನ್ನು ನೀನು ನೋಡಿಲ್ಲ ತಾಯಿ ಎಂದು ಇವಳು ಫೋನಿಗೇ ಹೇಳಿದಳು.

ಮೊದಲ ಸಲ ಕಿತ್ತಳೆ ಸಿಪ್ಪೆಯನ್ನು ಬಿಳಿ ತಿರುಳಿನ ಸಮೇತ ತುರಿದುಬಿಟ್ಟಳು. ಪಾಕವೆಲ್ಲ ಕಹಿ. ಅವನು ಒಂದು ತುಂಡು ಬಾಯಿಗಿಟ್ಟು, ಮಾತ್ರೆಯನ್ನು ಅರೆದು ಹಾಕಿದ್ದೀಯಾ ಎಂದ. ಎರಡನೇ ಸಲ ಮೇಲಿನ ಬಣ್ಣವನ್ನಷ್ಟೇ ತುರಿದಳು, ಆದರೆ ರಸ ಗಟ್ಟಿಯಾಗುವ ಮೊದಲೇ ಇಳಿಸಿದಳು. ಕೋಳಿ ಸ್ನಾನ ಮಾಡ್ತಿದೆ, ಟವಲ್ ಕೊಡು ಎಂದ. ಮೂರನೇ ಸಲ ಅವಳು ಸೆರಗು ಬಿಗಿದಳು. ಚರ್ಮ ತೆಗೆದ ತೊಡೆಯ ಮಾಂಸವನ್ನು ಚಿಕ್ಕದಾಗಿ ಕತ್ತರಿಸಿ, ಮೊಟ್ಟೆಯ ಬಿಳಿ ಸವರಿ, ಕಾರ್ನ್‌ಫ್ಲೋರನ್ನು ತೆಳ್ಳಗೆ ಉದುರಿಸಿ, ಚಮಚ ಎಣ್ಣೆ ಸವರಿದ ತಟ್ಟೆಯ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರಡಿ ಓವನ್ನಿಗಿಟ್ಟಳು. ಇತ್ತ ಕಿತ್ತಳೆ ರಸವನ್ನು ಕುದಿಸಿ ಕುದಿಸಿ ಇಂಗಿಸಿದಳು. ಹಣ್ಣಿನ ಸಿಹಿಯೇ ಸಾಕಾಯಿತು, ಸಕ್ಕರೆ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಶುಂಠಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ತುಸು ಸೋಯಾ, ತುಸು ವಿನೆಗರ್. ಕೋಳಿ ಹೊಂಬಣ್ಣಕ್ಕೆ ತಿರುಗಿದ ಮೇಲೆ ಅದರಲ್ಲಿ ಹೊರಳಿಸಿ ತಟ್ಟೆಗೆ ಹಾಕಿದಳು. ತಾನೊಂದು ತುಂಡು ತಿಂದು ನೋಡಿದಳು. ಹೊರಗೆ ಗರಿಗರಿ, ಒಳಗೆ ಮೆದು, ಕಿತ್ತಳೆ ಘಮ ಮೂಗಿನವರೆಗೆ. ಅಬ್ಬಾ, ಬಂತು ಎಂದುಕೊಂಡಳು.

ಅವನು ತಿಂದ. ಹುಬ್ಬು ಗಂಟಿಕ್ಕಿದ. ಎರಡನೇ ತುಂಡನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ.

"ಇದೇನು ಕರುಂ ಕುರುಂ ಅಂತಿದೆ? ಚಿಪ್ಸ್ ಮಾಡಿದೀಯಾ? ನಮ್ಮ ಅಂಗಡಿದು ಹೀಗಿರಲ್ಲ ಕಣೇ. ಮೆತ್ತಗೆ, ರಸವೆಲ್ಲ ಕುಡಿದು, ಬಾಯಲ್ಲಿಟ್ಟರೆ ಹಾಗೇ ಕೂರಬೇಕು. ಅದಕ್ಕೆ ಕೈ ಪಳಗಿರಬೇಕು. ನಿನ್ನಿಂದ ಆಗೋ ಕೆಲಸ ಅಲ್ಲ ಬಿಡು."

ಅವಳಿಗೆ ಮೈಯೆಲ್ಲ ಉರಿಯಿತು. ತಟ್ಟೆ ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿ ನಿಂತೇ ಅಷ್ಟನ್ನೂ ತಾನೇ ತಿಂದು ಮುಗಿಸಿದಳು. ಅವನು ಹೊರಗಿನಿಂದ, ಹಾಗಾದರೆ ನನಗೇನು ಎಂದು ಕೇಳಿದ. ಅನ್ನ ಮೊಸರು ಇದೆ, ಅದಕ್ಕೆ ಕೈ ಪಳಗಬೇಕಾಗಿಲ್ಲ ಎಂದಳು.

ಮಾರನೇ ದಿನ ಅವನ ಅಂಗಿ ಒಗೆಯಲು ತೆಗೆದರೆ ತೋಳಿನ ತುದಿಯಲ್ಲಿ ಅಂಟಂಟು ಕಿತ್ತಳೆ ಕಲೆ. ಮೂಸಿ ನೋಡಬೇಕಾದ ಅಗತ್ಯವೇ ಇರಲಿಲ್ಲ. ಡಾಕ್ಟರಮ್ಮ ಹೇಳಿದ ಮೇಲೂ ಹಲಗೆಯ ಮೇಲಿನ ಡಬ್ಬಿ ಬಿಟ್ಟಿರಲಿಲ್ಲ ಆಸಾಮಿ. ಮನೆಯಲ್ಲಿ ರೋಗಿಯ ಮುಖ, ಅಂಗಡಿಯಲ್ಲಿ ಮದುವಣಿಗನ ಊಟ. ಅವಳು ಅಂಗಿಯನ್ನು ಬಕೆಟ್ಟಿಗೆ ಎಸೆದು, ಇದ್ದ ಬಟ್ಟೆಯಲ್ಲೇ ಅಂಗಡಿಯ ಹಿತ್ತಿಲ ಬಾಗಿಲಿಗೆ ಹೋದಳು. ಅಂಗಡಿ ಅವರ ಮನೆಯ ಹಿಂದಿನ ಓಣಿಯಲ್ಲೇ ಇತ್ತು. ಅವನ ವಾರದ ರಜೆ ಅಂದು, ಹಾಗಾಗಿ ಕಿಟಕಿಯಲ್ಲಿ ಬೇರೆಯವರಿದ್ದರು.

ಬಾಣಲೆಯವನು ವಯಸ್ಸಾದವನು, ಮುಂಗೈ ತುಂಬ ಎಣ್ಣೆ ಸಿಡಿದ ಗುರುತು. ಅಣ್ಣಾ, ಆ ಹಲಗೆ ಮೇಲಿನ ಡಬ್ಬಿಗಳನ್ನು ಬಚ್ಚಿಡಿ, ದಮ್ಮಯ್ಯ ಎಂದಳು. ಬಚ್ಚಿಟ್ಟರೆ ಗಿರಾಕಿಯ ಡಬ್ಬಿಗೇ ಕೈ ಹಾಕ್ತಾನೆ ಅವನು, ನಿನಗೆ ಗೊತ್ತಿಲ್ವಾ ತಂಗಿ ಎಂದ ಅವನು. ಅದೂ ನಿಜ. ಅಂಥಾದ್ದೇನಿದೆ ಅದರಲ್ಲಿ, ನನಗೂ ಒಂಚೂರು ಕೊಡಿ, ನೋಡ್ತೀನಿ ಎಂದಳು. ಅವನು ಆಗಷ್ಟೇ ಬಾಣಲೆಯಿಂದ ತೆಗೆದದ್ದನ್ನು ಒಂದು ಬಟ್ಟಲಿಗೆ ಹಾಕಿ ಕೊಟ್ಟ.

ಅವಳು ಬಾಯಿಗಿಟ್ಟಳು. ಕರುಂ ಎಂದಿತು. ಸಿಹಿ ಹೆಚ್ಚು, ಎಣ್ಣೆ ಹೆಚ್ಚು, ಆದರೆ ಗರಿಗರಿ ಮಾತ್ರ ಅವಳು ಮಾಡಿದ್ದರ ಹಾಗೇ. ಇನ್ನೊಂದು ತಿಂದಳು. ಅದೂ ಕರುಂ ಎಂದಿತು. ಅಲ್ಲಣ್ಣ, ಇದು ಮೆತ್ತಗೆ ರಸ ಕುಡಿದು ಇರುತ್ತಂತಲ್ಲ ಎಂದು ಕೇಳಿದಳು. ಬಾಣಲೆಯವನಿಗೆ ಅವಮಾನವಾದ ಹಾಗಾಯಿತು. ಮೆತ್ತಗಿರೋದಾ, ಎರಡು ಸಲ ಕರಿಯೋದು ಯಾಕೆ ಮತ್ತೆ, ಯಾರು ಹೇಳಿದ್ದು ಎಂದ. ಯಾರು ಹೇಳಿದ್ದೆಂದು ಅವಳು ಹೇಳಿದಾಗ ಅವನು ಸೌಟು ಕೆಳಗಿಟ್ಟು ನಕ್ಕ ನಗುವಿಗೆ ಒಳಗಿನವರೆಲ್ಲ ತಿರುಗಿ ನೋಡಿದರು.

"ಅವನಾ? ಅವನು ಒಂದು ದಿನನಾದ್ರೂ ಬಾಣಲೆಯಿಂದ ಇಳಿದ ಬಿಸೀದು ತಿಂದಿದ್ರೆ ತಾನೇ? ಯಾರೋ ಬಿಟ್ಟು ಹೋದ ಡಬ್ಬಿ, ಕುಕ್ಕರ್ ಮೇಲೆ ಕೂತು ಬೆವರಿ ಬೆವರಿ ಮುದ್ದೆಯಾಗಿರುತ್ತೆ. ಅದನ್ನ ತಿಂದು ಅವನು ನನ್ನ ಅಡುಗೆಗೆ ಪಂಡಿತ."

ಅವಳು ನಗಲಿಲ್ಲ, ಮೊದಲು ಹೊಟ್ಟೆ ಉರಿಯಿತು. ಬೆವರಿದ ರಟ್ಟಿನ ರುಚಿಯನ್ನು ಹದ ಎಂದುಕೊಂಡು ಊರಿಗೆಲ್ಲ ಪಾಠ ಹೇಳಿದ ಈ ಗಂಡಸಿಗಾಗಿ ತಾನು ಮೂರು ಸಲ ಕೈ ಸುಟ್ಟುಕೊಂಡೆನಲ್ಲ! ಆಮೇಲೆ ದಾರಿ ಕಂಡಿತು. ಖಾಲಿ ಡಬ್ಬಿಗಳನ್ನು ಕೇಳಿ ತಂದಳು. ಮನೆಯಲ್ಲಿ ಮತ್ತೆ ಅದೇ ಹಗುರ ಆರೆಂಜ್ ಚಿಕನ್ ಮಾಡಿ, ಗರಿಗರಿಯಾಗಿದ್ದಾಗಲೇ ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ, ಅನ್ನ ಕುದಿಯುತ್ತಿದ್ದ ಕುಕ್ಕರಿನ ಪಕ್ಕಕ್ಕಿಟ್ಟು ಮೇಲೊಂದು ಬಟ್ಟೆ ಹೊದಿಸಿದಳು. ಒಳ್ಳೆ ಅಡುಗೆಯನ್ನು ಕೈಯಾರೆ ಕೆಡಿಸುವಾಗ ಅವಳಿಗೆ ಸಂಕಟವಾಯಿತು. ಆದರೆ ಮಾಡಿದಳು.

ಅವನ ಮುಂದಿಟ್ಟಾಗ ಅವಳು ಏನೂ ಹೇಳಲಿಲ್ಲ. ಡಬ್ಬಿ ನೋಡಿದ್ದೇ ತಡ ಅವನ ಕಣ್ಣು ಅರಳಿತು. ಬಾಣಲೆಯಣ್ಣ ಕಳಿಸಿದನಾ ಎಂದು ತಾನೇ ಕೇಳಿ ತಾನೇ ತಲೆಯಾಡಿಸಿಕೊಂಡ. ತಿಂದ. ಕಣ್ಣು ಮುಚ್ಚಿದ. ಪಾಪ, ಸ್ವರ್ಗಕ್ಕೆ ಹೋಗಿ ಬಂದ.

"ನೋಡು, ಇದು ಹದ ಅಂದ್ರೆ. ಎರಡು ಸಲ ಎಣ್ಣೆಗೆ ಬೀಳದೆ ಈ ರುಚಿ ಬರಲ್ಲ. ನೀನು ತಿಂದು ಕಲಿ."

ಅವಳು ಒಂದು ತುಂಡು ತಿಂದಳು. ಕಲಿತಳು ಅನ್ನುವ ಹಾಗೆ ತಲೆಯಾಡಿಸಿದಳು. ಒಳಗೆ ಹೋಗಿ ಸಿಂಕಿನ ನಲ್ಲಿ ಜೋರಾಗಿ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಾ ಅತ್ತಳು.

ಅಂದಿನಿಂದ ಬಾಣಲೆಯವನ ಜೊತೆ ಒಳಒಪ್ಪಂದವಾಯಿತು. ಬೆಳಗಿನ ಪಾಳಿ ಮುಗಿಸಿ ಬಂದವಳು ಚಿಕನ್ ಮಾಡಿ, ಡಬ್ಬಿಗೆ ತುಂಬಿ, ಹಿತ್ತಿಲ ಬಾಗಿಲಲ್ಲಿ ಕೊಡುವಳು. ಬಾಣಲೆಯವನು ಅದನ್ನು ಹಲಗೆಯ ಮೇಲಿಟ್ಟು, ನಿಜವಾಗಿ ಉಳಿದ ಡಬ್ಬಿಗಳನ್ನು ಒಲೆಯವರಿಗೆ ಹಂಚಿಬಿಡುವನು. ಪಾರ್ಸೆಲ್ ಅಣ್ಣ ಕಳ್ಳನ ಹಾಗೆ ಅತ್ತಿತ್ತ ನೋಡಿ ತಿಂದು, ಹೆಂಡತಿಯ ಕಣ್ಣಿಗೆ ಮಣ್ಣೆರಚಿದೆ ಎಂಬ ಹೆಮ್ಮೆಯಲ್ಲಿ ಬಾಯಿ ಒರೆಸಿಕೊಳ್ಳುವನು. ಮನೆಗೆ ಬಂದು ಅವಳು ಬಡಿಸಿದ ಸಪ್ಪೆ ಊಟವನ್ನು ತ್ಯಾಗಿಯ ಹಾಗೆ ತಿನ್ನುವನು. ಎಂಥ ನಟ! ಅವಳು ಬಡಿಸುತ್ತಾ ತುಟಿ ಪಿಟಕ್ಕೆನ್ನಲಿಲ್ಲ. ಅವನು ಬದುಕಿರಲಿ, ಹೆಸರು ಅಂಗಡಿಗೇ ಹೋಗಲಿ ಎಂದು ಹೊಟ್ಟೆಗೆ ಹಾಕಿಕೊಂಡಳು. ಸುಲಭವೇನೂ ಆಗಿರಲಿಲ್ಲ.

ಕೆಲವು ತಿಂಗಳ ನಂತರ ಮತ್ತೆ ಪರೀಕ್ಷೆಯಾಯಿತು. ಡಾಕ್ಟರಮ್ಮ ವರದಿ ನೋಡಿ ಸಂತೋಷಪಟ್ಟರು. ಸಕ್ಕರೆ ಇಳಿದಿದೆ, ಕೊಬ್ಬು ಇಳಿದಿದೆ, ಹೀಗೇ ಇದ್ದರೆ ಆಪರೇಷನ್ ಮಾತೇ ಬೇಡ, ಪಥ್ಯ ಚೆನ್ನಾಗಿ ಮಾಡಿದ್ದೀರಿ ಎಂದರು. ಸುಮ್ಮನೆ ಕೈ ಮುಗಿದು ಎದ್ದು ಬರಬಹುದಿತ್ತು. ಆದರೆ ನಮ್ಮ ಅಣ್ಣನಿಗೆ ಸುಮ್ಮನಿರುವುದು ಯಾರು ಕಲಿಸಿದ್ದಾರೆ? ಅವನು ಕುರ್ಚಿಗೆ ಒರಗಿ, ಕಾಲ ಮೇಲೆ ಕಾಲು ಹಾಕಿ, ಪಥ್ಯ ಗಿಥ್ಯ ಎಲ್ಲ ಸುಳ್ಳು ಡಾಕ್ಟ್ರೇ ಎಂದ. ದಿನಾ ಮಧ್ಯಾಹ್ನ ಅಂಗಡಿಯ ಆರೆಂಜ್ ಚಿಕನ್ ತಿಂದೇ ತಿಂದಿದ್ದೇನೆ, ಎರಡು ಸಲ ಕರಿದದ್ದು, ನಿಮ್ಮ ವಿದ್ಯೆ ಏನಾಯಿತು ಎಂದ. ಇನ್ನು ರಾತ್ರಿಯ ಊಟಕ್ಕೂ ಎರಡು ಡಬ್ಬಿ ಮನೆಗೇ ತರುತ್ತೇನೆ, ನಿಮ್ಮ ಮಾತ್ರೆಯನ್ನೂ ನಿಲ್ಲಿಸುತ್ತೇನೆ ಎಂದ. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಪಕ್ಕದಲ್ಲಿದ್ದ ಹೆಂಡತಿ ಕುರ್ಚಿಯಿಂದ ಎದ್ದೇಬಿಟ್ಟಳು. ಅವನನ್ನು ಉಳಿಸಲು ಮಾಡಿದ ಉಪಾಯವೇ ಅವನ ಕುತ್ತಿಗೆಗೆ ಬರುವ ಹಾಗಾಗಿತ್ತು. ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಅಲ್ಲೇ, ಡಾಕ್ಟರಮ್ಮನ ಎದುರಿಗೇ ಎಲ್ಲ ಹೇಳಿದಳು. ಓವನ್ನು, ಮೊಟ್ಟೆಯ ಬಿಳಿ, ಇಂಗಿಸಿದ ಕಿತ್ತಳೆ ರಸ, ಡಬ್ಬಿ, ಹಲಗೆ, ಬಾಣಲೆಯವನು, ಎಲ್ಲ. ಡಾಕ್ಟರಮ್ಮ ನಗು ತಡೆಯಲು ವರದಿಯನ್ನು ಮುಖಕ್ಕೆ ಅಡ್ಡ ಹಿಡಿದರು.

ಅವನು ನಂಬಿದನೇ? ನಂಬಿದರೆ ಅವನು ಪಾರ್ಸೆಲ್ ಅಣ್ಣ ಹೇಗಾದಾನು? ದಾರಿಯುದ್ದಕ್ಕೂ, ಡಾಕ್ಟರೂ ನೀನೂ ಸೇರಿ ನಾಟಕ ಆಡ್ತಿದೀರಿ ಎಂದ. ನನ್ನ ನಾಲಿಗೆಗೆ ಮೋಸ ಮಾಡೋಕೆ ನಿನ್ನಿಂದ ಆಗುತ್ತಾ ಎಂದ. ನಾಳೆಯಿಂದ ನನ್ನ ಡಬ್ಬಿ ನಾನೇ ನೋಡಿ ತಕ್ಕೋತೀನಿ, ಅಸಲಿಯದ್ದನ್ನೇ ತಿಂತೀನಿ, ಏನಾಗುತ್ತೋ ಆಗಲಿ ಎಂದ. ಮನೆಯ ಬಾಗಿಲಿಗೆ ಬಂದಾಗ ಅವಳು ಬೀಗದ ಕೈಯನ್ನು ಹಿಡಿದುಕೊಂಡೇ ನಿಂತಳು.

"ತಿನ್ನಿ. ಆದರೆ ಒಂದು ಮಾತು ಕೇಳಿ. ನಿಮ್ಮ ನಾಲಿಗೆ ಗೆಲ್ಲಲಿ ಅಂತ ಗಂಡನ್ನ ಕಳ್ಕೊಳ್ಳೋಕೆ ನಾನು ತಯಾರಿಲ್ಲ. ನಂಗೆ ಭಯ ಆಗುತ್ತೆ ರೀ. ದಿನಾ ಭಯ ಆಗುತ್ತೆ. ನಿಮಗೊಂದು ದಿನನೂ ಅದು ಗೊತ್ತಾಗಲಿಲ್ಲ."

ಅವನ ಬಾಯಿ ಕಟ್ಟಿದ್ದನ್ನು ಅವಳು ನೋಡಿದ್ದು ಅದೇ ಮೊದಲು. ಅದರಿಂದ ಅವಳಿಗೇನೂ ಸಮಾಧಾನವಾಗಲಿಲ್ಲ.

ಮಾರನೇ ದಿನವೂ ಅವಳು ಚಿಕನ್ ಮಾಡಿದಳು. ಮಾಡಬಾರದೆಂದುಕೊಂಡಿದ್ದಳು, ಕೈ ಕೇಳಲಿಲ್ಲ. ಹಿತ್ತಿಲ ಬಾಗಿಲಲ್ಲಿ ಡಬ್ಬಿ ಕೊಟ್ಟಳು. ಬಾಣಲೆಯವನ ಮುಖ ಸಣ್ಣಗಾಗಿತ್ತು. ಬೆಳಿಗ್ಗೆ ಬಂದವನೇ ನನ್ನನ್ನು ಚೆನ್ನಾಗಿ ಉಗಿದ ತಂಗಿ, ಹಲಗೆಗೆ ಕೈ ಹಾಕಬೇಡ ಅಂದಿದ್ದಾನೆ, ಗಿರಾಕಿ ಬಿಟ್ಟು ಹೋದ ಡಬ್ಬಿಯೂ ಒಂದು ಅಲ್ಲೇ ಇದೆ, ಇದನ್ನು ಪಕ್ಕದಲ್ಲಿಡುತ್ತೇನೆ, ಆಮೇಲೆ ಅವನ ಹಣೆಬರಹ ಎಂದ. ಅವಳು ಹೋಗಬೇಕೆಂದುಕೊಂಡು ಹೋಗದೆ, ಅರೆ ತೆರೆದ ಬಾಗಿಲ ಹಿಂದೆ ಎಣ್ಣೆ ಡಬ್ಬಗಳ ನಡುವೆ ನಿಂತಳು. ಅಲ್ಲಿಂದ ಹಲಗೆ ಕಾಣುತ್ತಿತ್ತು.

ಗಿರಾಕಿಗಳು ಕರಗಿದರು. ಅವನು ಬಂದ. ಎರಡು ಡಬ್ಬಿಗಳನ್ನೂ ಇಳಿಸಿ, ಕಿಟಕಿಯ ಹತ್ತಿರ ಕೂತು, ಎರಡರ ಮುಚ್ಚಳವನ್ನೂ ತೆಗೆದ. ಗೆದ್ದವನ ಗತ್ತಿನಲ್ಲೇ ಮೊದಲನೆಯದರಿಂದ ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡ, ಅಗಿದ. ಎರಡನೆಯದರಿಂದ ಒಂದು. ನೀರು ಕುಡಿದು ಬಾಯಿ ಮುಕ್ಕಳಿಸಿ ಮತ್ತೆ ಮೊದಲನೆಯದಕ್ಕೆ ಬಂದ. ಮೂಸಿದ. ಒಂದು ತುಂಡನ್ನು ಒತ್ತಿ ಬೆರಳು ನೋಡಿಕೊಂಡ. ಎರಡರ ಕಡೆಗೂ ಹೀಗೇ ಹೋಗಿ ಬರುತ್ತಾ ಇರುವಾಗ ಅವನ ಮುಖದ ಗತ್ತು ಸ್ವಲ್ಪ ಸ್ವಲ್ಪವೇ ಇಳಿಯಿತು. ಎಣ್ಣೆಯಲ್ಲಿ ಎರಡು ಸಲ ಮುಳುಗಿದ್ದು ಯಾವುದು, ಒಂದು ಚಮಚ ಎಣ್ಣೆಯದ್ದು ಯಾವುದು ಎಂದು ಎಳೆ ಮಗುವಿಗೂ ತಿಳಿಯುತ್ತಿತ್ತೇನೋ. ಇವನಿಗೆ ತಿಳಿಯಲಿಲ್ಲ.

ಬಾಗಿಲ ಹಿಂದೆ ಅವಳು ಇನ್ನಷ್ಟು ಮುಂದಕ್ಕೆ ಬಾಗಿದಳು. ಯಾವುದೋ ಒಂದನ್ನು ಬಾಯಿಗೆ ಸುರಿದುಕೊಂಡು, ಇದೇ ಅಸಲಿ ಎಂದು ಎದೆ ತಟ್ಟಿಕೊಳ್ಳುವವನು ಅವನು. ಅವಳು ಬಲ್ಲ ಗಂಡ ಅಷ್ಟೇ. ಆದರೆ ಅವನು ಎರಡೂ ಡಬ್ಬಿಗಳನ್ನು ಎರಡು ಕೈಯಲ್ಲಿ ಹಿಡಿದು ಎದ್ದ. ಒಲೆಯವರು ನೋಡುತ್ತಿದ್ದಂತೆಯೇ, ಇಷ್ಟು ವರ್ಷ ಕಾಲಿಡದ ಜಾಗಕ್ಕೆ ಕಾಲಿಟ್ಟು, ಬಾಣಲೆಯವನ ಮುಂದೆ ಹೋಗಿ ನಿಂತ. ತಲೆ ಎತ್ತಲಿಲ್ಲ.

"ಅಣ್ಣಾ," ಎಂದ, ಅವಳಿಗೆ ಕೇಳಿಸಿದ್ದೇ ಹೆಚ್ಚು ಅನ್ನುವಷ್ಟು ಮೆಲ್ಲಗೆ, "ಇದರಲ್ಲಿ ನಮ್ಮನೆಯವಳು ಮಾಡಿದ್ದು ಯಾವುದು?"